ಬಿಸಿಲೇರಿದರೆ ಸೀರಿಯಲ್ ಅಕ್ಷರಗಳು ಕೆಡುತ್ತವೆ, ಸಂಜೆಗೆ ತಾವೇ ಸರಿಯಾಗುತ್ತವೆ: ಎಟಿಮೆಗಾ 328ಪಿ ಮತ್ತು ಇಎಸ್‌ಪಿ 32

ಮಾಳಿಗೆಮಾಪಕ, ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಮೂರು ವಾರಗಳಿಂದ ಒಂದೇ ತೊಂದರೆ ಕಾಡುತ್ತಿದೆ. ಗೊತ್ತಿರುವುದನ್ನೆಲ್ಲ ಮಾಡಿ ನೋಡಿದೆ, ಇನ್ನು ನಿಮ್ಮನ್ನು ಕೇಳದೆ ದಾರಿಯಿಲ್ಲ.

ಮಾಳಿಗೆಯ ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ. ಅದರೊಳಗೆ ಎಟಿಮೆಗಾ 328ಪಿ ಮೈಕ್ರೋಕಂಟ್ರೋಲರ್, ಸಿದ್ಧ ಬೋರ್ಡ್ ಅಲ್ಲ, ಬರೀ ಚಿಪ್. ಹೊರಗಿನ ಕ್ರಿಸ್ಟಲ್ (ನಿಖರ ನಾಡಿ ಕೊಡುವ ಹರಳು) ಹಾಕಿಲ್ಲ, ಚಿಪ್ಪಿನೊಳಗಿನ 8 ಮೆಗಾಹರ್ಟ್ಸ್ ಗಡಿಯಾರದಲ್ಲೇ ಓಡುತ್ತದೆ. ಹತ್ತು ಸೆಕೆಂಡಿಗೊಮ್ಮೆ ತಾಪಮಾನ ಓದಿ ಒಂದು ಸಾಲು ಬರೆದು, ಪಕ್ಕದಲ್ಲೇ ಇರುವ ವೈಫೈ ಬೋರ್ಡ್ ಇಎಸ್‌ಪಿ 32ಕ್ಕೆ ಸೀರಿಯಲ್ ತಂತಿಯಲ್ಲಿ, ಅಂದರೆ ಒಂದೊಂದೇ ಬಿಟ್ ಆಗಿ, 57600 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ದರದಲ್ಲಿ ಕಳಿಸುತ್ತದೆ. ಇಎಸ್‌ಪಿ ಅದನ್ನು ವೈಫೈ ಮೂಲಕ ಮನೆಯೊಳಗಿನ ಕಂಪ್ಯೂಟರ್‌ಗೆ ದಾಟಿಸುತ್ತದೆ. ಎರಡಕ್ಕೂ ಒಂದೇ 3.3 ವೋಲ್ಟ್ ಪೂರೈಕೆ. ನಡುವಿನ ತಂತಿ ಒಂದು ಗೇಣಿಗಿಂತ ಕಡಿಮೆ.

ಮೇಜಿನ ಮೇಲೆ ನಾಲ್ಕು ದಿನ ಬಿಟ್ಟೂಬಿಡದೆ ಓಡಿಸಿದೆ, ಒಂದು ಅಕ್ಷರವೂ ತಪ್ಪಲಿಲ್ಲ. ಮಾಳಿಗೆಗೆ ಏರಿಸಿದ ಮರುದಿನವೇ ಶುರುವಾಯಿತು. ಬೆಳಿಗ್ಗೆ ಹನ್ನೊಂದರವರೆಗೆ ಎಲ್ಲ ಸರಿ. ಆಮೇಲೆ ಸಾಲಿನ ನಡುವೆ ವಿಚಿತ್ರ ಚಿಹ್ನೆಗಳು. ಕೆಲವೊಮ್ಮೆ ಒಂದು ಅಕ್ಷರವೇ ಮಾಯ, ಕೆಲವೊಮ್ಮೆ ಎರಡು ಸಾಲು ಅಂಟಿಕೊಂಡು ಒಂದಾಗಿ ಬರುತ್ತವೆ. ನಾಲ್ಕೂವರೆ ಐದರ ಹೊತ್ತಿಗೆ ಯಾರೂ ಮುಟ್ಟದೆ ಎಲ್ಲ ಸರಿಹೋಗುತ್ತದೆ. ತಂತಿ ಬದಲಿಸಿದೆ, ಬೆಸುಗೆಗಳನ್ನೆಲ್ಲ ಮತ್ತೆ ಹಾಕಿದೆ, ಇಎಸ್‌ಪಿ ಬೋರ್ಡನ್ನೇ ಬದಲಿಸಿದೆ, ಚಿಪ್ಪಿನ ವಿದ್ಯುತ್ ಕಾಲುಗಳ ನಡುವೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಕೂರಿಸಿದೆ. ಎಲ್ಲಿಂದ ಹುಡುಕಲು ಶುರುಮಾಡಲಿ?

ನೇರತಂತಿ, ಭಾನುವಾರ ರಾತ್ರಿ 9:40

ಮೊದಲು ಮೂಲಭೂತವಾದದ್ದು. ಟಿಎಕ್ಸ್ ಎಂಬ ಕಳಿಸುವ ಕಾಲು ಎದುರಿನ ಕೇಳುವ ಕಾಲಾದ ಆರ್‌ಎಕ್ಸ್‌ಗೆ ಹೋಗಿದೆಯೇ? ಗ್ರೌಂಡ್ ಎರಡಕ್ಕೂ ಒಂದೇ ಇದೆಯೇ? ಎರಡೂ ಕಡೆ ಬಾಡ್ ದರ, ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್), ಸ್ಟಾಪ್ ಬಿಟ್ (ಪ್ರತಿ ಅಕ್ಷರದ ಕೊನೆ ಸೂಚಿಸುವ ಬಿಟ್) ಒಂದೇ ಇವೆಯೇ? ಇವು ಸರಿಯಿದ್ದರೆ ನನ್ನ ಅನುಮಾನ ಬೆಸುಗೆಯ ಮೇಲೆ. ಬಿಸಿಗೆ ಬೋರ್ಡ್ ಹಿಗ್ಗಿದಾಗ ಕೂದಲೆಳೆಯಷ್ಟು ಬಿರುಕು ಬಾಯಿ ಬಿಡುತ್ತದೆ, ತಂಪಾದಾಗ ಮುಚ್ಚಿಕೊಳ್ಳುತ್ತದೆ. ಅಂಥದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ಹೊರನೋಟಕ್ಕೆ ಬೆಸುಗೆ ಹೊಳೆಯುತ್ತಲೇ ಇರುತ್ತದೆ.

ಸೊನ್ನೆಒಂದು, ಭಾನುವಾರ ರಾತ್ರಿ 10:25

ನೇರತಂತಿಯವರು ಹೇಳಿದ ಬಿರುಕು ನಿಜಕ್ಕೂ ಆಗುವಂಥದ್ದು. ಆದರೆ ಹುಡುಕಾಟ ಶುರುಮಾಡುವ ಮುನ್ನ ಒಂದು ಭೇದ ಮಾಡಿಕೊಳ್ಳೋಣ. ಸೀರಿಯಲ್ ಸಂವಹನದಲ್ಲಿ ಮೌನ ಬೇರೆ ರೋಗ, ಕಸ ಬೇರೆ ರೋಗ. ಏನೂ ಬರುತ್ತಿಲ್ಲವೆಂದರೆ ತಂತಿ ತಪ್ಪಿದೆ, ಟಿಎಕ್ಸ್ ಆರ್‌ಎಕ್ಸ್ ಅದಲುಬದಲಾಗಿವೆ, ಇಲ್ಲವೇ ಬೇರೆ ಪೋರ್ಟ್ ತೆರೆದಿದ್ದೀರಿ. ಕಸ ಬರುತ್ತಿದೆ ಎಂದರೆ ತಂತಿಯಲ್ಲಿ ಏನೋ ಹರಿಯುತ್ತಿದೆ, ಎದುರಿನ ಕಿವಿಗೆ ಬೀಳುತ್ತಿದೆ, ಆದರೆ ಅರ್ಥ ಮಾಡಿಕೊಳ್ಳುವಲ್ಲಿ ಎಡವಟ್ಟಾಗುತ್ತಿದೆ. ನಿಮ್ಮದು ಎರಡನೆಯದು. ಟಿಎಕ್ಸ್ ಆರ್‌ಎಕ್ಸ್ ಅದಲುಬದಲಾಗಿದ್ದರೆ ಬೆಳಿಗ್ಗೆಯೂ ಏನೂ ಬರುತ್ತಿರಲಿಲ್ಲ.

ಇನ್ನೊಂದು ಮಾತು. ಕಸ ಎಂದು ಸುಮ್ಮನೆ ಒರೆಸಿ ಹಾಕಬೇಡಿ, ಈಗ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ. ಪರದೆಯ ಮೇಲಿನ ವಿಚಿತ್ರ ಚಿಹ್ನೆಯಿಂದ ಏನೂ ತಿಳಿಯುವುದಿಲ್ಲ, ಅದರ ಹಿಂದಿನ ಸಂಖ್ಯೆ ಬೇಕು. ಇಎಸ್‌ಪಿಯಲ್ಲಿ ಬಂದ ಪ್ರತಿ ಬೈಟನ್ನೂ (ಎಂಟು ಬಿಟ್‌ಗಳ ಗುಂಪನ್ನು) ಅಕ್ಷರವಾಗಿ ಅಲ್ಲ, ದಶಮಾನ ಸಂಖ್ಯೆಯಾಗಿ ಮುದ್ರಿಸಿ. ಜೊತೆಗೆ 328ಪಿ ಕಡೆಯಿಂದ ಒಂದೊಂದು ಅಕ್ಷರ ಕಳಿಸಿದ ಮೇಲೂ 5 ಮಿಲಿಸೆಕೆಂಡ್ ಸುಮ್ಮನಿರಿಸಿ. ಬೈಟ್‌ಗಳು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ಬಂದರೆ ಒಂದರ ತಪ್ಪು ಮುಂದಿನದಕ್ಕೂ ದಾಟುತ್ತದೆ. ಬಿಡಿಬಿಡಿಯಾಗಿ ಬಂದರೆ ಪ್ರತಿಯೊಂದರ ತಪ್ಪೂ ಅದರದೇ. ನಾಳೆ ಬಿಸಿಲಿನಲ್ಲಿ ಸಿಕ್ಕ ಸಂಖ್ಯೆಗಳನ್ನು ಇಲ್ಲಿ ಹಾಕಿ.

ಮೂರನೇಕಾಲು, ಭಾನುವಾರ ರಾತ್ರಿ 11:03

ಇಷ್ಟೆಲ್ಲ ಏಕೆ? 9600ಕ್ಕೆ ಇಳಿಸಿ. ನನಗೂ ಹೀಗೆಯೇ ಆಗಿತ್ತು, ಇಳಿಸಿದ ತಕ್ಷಣ ಸರಿಹೋಯಿತು. ನಿಧಾನವಾಗಿ ಕಳಿಸಿದರೆ ತಪ್ಪಿಗೆ ಹೆಚ್ಚು ಅವಕಾಶ ಇರುವುದಿಲ್ಲ.

ಮಾಳಿಗೆಮಾಪಕ, ಸೋಮವಾರ ಮಧ್ಯಾಹ್ನ 2:18

ಮೂವರಿಗೂ ಧನ್ಯವಾದ. ತಂತಿ, ಗ್ರೌಂಡ್, ಪ್ಯಾರಿಟಿ ಎಲ್ಲವನ್ನೂ ಮತ್ತೊಮ್ಮೆ ನೋಡಿದೆ, ಸರಿಯಿವೆ. 9600 ಇನ್ನೂ ಹಾಕಿಲ್ಲ. ಸರಿಹೋಗಿಬಿಟ್ಟರೆ ಕಾರಣ ಎಂದೂ ತಿಳಿಯುವುದಿಲ್ಲ ಎಂಬ ಭಯ.

ಸೊನ್ನೆಒಂದು ಅವರು ಹೇಳಿದಂತೆ ಸಂಖ್ಯೆಗಳನ್ನು ಹಿಡಿದೆ. ಕಳಿಸಿದ ಸಾಲು ಇಂಗ್ಲಿಷಿನ ದೊಡ್ಡ ಟಿ, ಸಮಚಿಹ್ನೆ, ಆಮೇಲೆ 31.5, ಕೊನೆಗೆ ಹೊಸ ಸಾಲಿನ ಗುರುತು. ಬರಬೇಕಾಗಿದ್ದದ್ದು:

84 61 51 49 46 53 10

ಮಧ್ಯಾಹ್ನ ಒಂದೂವರೆಗೆ ಬಂದ ಮೂರು ಸಾಲುಗಳು:

84 61 179 49 46 181 10
84 61 51 49 174 53 10
212 61 51 49 46 53 138

ಬೈಟ್‌ಗಳ ನಡುವೆ ಬಿಡುವು ಕೊಟ್ಟ ಮೇಲೆ ಅಕ್ಷರ ಮಾಯವಾಗುವುದು ನಿಂತಿದೆ. ಏಳಕ್ಕೆ ಏಳೂ ಬರುತ್ತವೆ. ಆದರೆ ಹತ್ತರಲ್ಲಿ ಒಂದೆರಡು ಹೀಗೆ ಬೇರೆ ಸಂಖ್ಯೆಯಾಗಿರುತ್ತವೆ.

ಸೊನ್ನೆಒಂದು, ಸೋಮವಾರ ಮಧ್ಯಾಹ್ನ 3:05

ಬಹಳ ಒಳ್ಳೆಯ ಸಾಕ್ಷಿ ಹಿಡಿದಿದ್ದೀರಿ. ಕಳೆದು ನೋಡಿ. 179ರಲ್ಲಿ 51 ಕಳೆದರೆ 128. 181ರಲ್ಲಿ 53 ಕಳೆದರೆ 128. 174ರಲ್ಲಿ 46, 212ರಲ್ಲಿ 84, 138ರಲ್ಲಿ 10, ಎಲ್ಲ ಕಡೆಯೂ ಅದೇ 128.

ತಪ್ಪು ಎಲ್ಲೆಂದರಲ್ಲಿ ಬೀಳುತ್ತಿಲ್ಲ. ಬೈಟಿನ ಎಂಟನೆಯ ಬಿಟ್‌ನ ಬೆಲೆ 128, ಅಂದರೆ ಪ್ರತಿ ಸಲವೂ ಆ ಎಂಟನೆಯ ಬಿಟ್ ಒಂದೇ ಕೆಡುತ್ತಿದೆ, ಅದೂ ಸೊನ್ನೆ ಇದ್ದದ್ದು ಒಂದಾಗುತ್ತಿದೆ. ಬಿರುಕು ಬಿಟ್ಟ ಬೆಸುಗೆಗೆ ಎಂಟನೆಯ ಬಿಟ್ ಯಾವುದೆಂದು ಗೊತ್ತಿರುವುದಿಲ್ಲ. ಅದು ಕೆಡಿಸಿದರೆ ಎಲ್ಲವನ್ನೂ ಕೆಡಿಸುತ್ತದೆ. ಹಾಗಾಗಿ ಬೆಸುಗೆಯನ್ನು ಬಿಡೋಣ.

ಎರಡು ಸಾಲು ಅಂಟಿಕೊಳ್ಳುವುದಕ್ಕೂ ಇಲ್ಲೇ ಉತ್ತರವಿದೆ. ನಿಮ್ಮ ಪ್ರೋಗ್ರಾಂ ಸಾಲಿನ ಕೊನೆಗಾಗಿ 10 ಎಂಬ ಬೈಟನ್ನು ಕಾಯುತ್ತಿದೆ. ಅದು 138 ಆಗಿ ಬಂದರೆ ಸಾಲು ಮುಗಿದದ್ದೇ ತಿಳಿಯುವುದಿಲ್ಲ, ಹತ್ತು ಸೆಕೆಂಡಿನ ನಂತರ ಬರುವ ಸಾಲನ್ನೂ ಅದಕ್ಕೇ ಜೋಡಿಸುತ್ತದೆ.

ಈಗ ಎಂಟನೆಯದೇ ಏಕೆ? ಇಲ್ಲಿ ಗಡಿಯಾರದ ತಂತಿ ಎಂಬುದು ಇಲ್ಲ. ಕಳಿಸುವವನದೂ ಕೇಳುವವನದೂ ಬೇರೆ ಬೇರೆ ಗಡಿಯಾರ. ಸುಮ್ಮನಿರುವಾಗ ತಂತಿ ಮೇಲಿರುತ್ತದೆ. ಅದು ಕೆಳಗಿಳಿದರೆ ಸ್ಟಾರ್ಟ್ ಬಿಟ್. ಆ ಇಳಿತವೊಂದೇ ಇಬ್ಬರಿಗೂ ಸಮಾನವಾದ ಕ್ಷಣ. ಅಲ್ಲಿಂದ ಕೇಳುವವನು ತನ್ನ ಗಡಿಯಾರ ನೋಡಿಕೊಂಡು ಒಂದೂವರೆ ಬಿಟ್‌ನಷ್ಟು ಕಾಲ ಕಾದು ಮೊದಲ ಬಿಟ್‌ನ ನಡುಮಧ್ಯವನ್ನು ನೋಡುತ್ತಾನೆ. ಎರಡೂವರೆಗೆ ಎರಡನೆಯದು, ಹೀಗೆಯೇ ಎಂಟೂವರೆಗೆ ಎಂಟನೆಯದು, ಒಂಬತ್ತೂವರೆಗೆ ಸ್ಟಾಪ್ ಬಿಟ್. ಇಬ್ಬರು ಕಣ್ಣು ಮುಚ್ಚಿ ಒಟ್ಟಿಗೆ ತಾಳ ಹಾಕಲು ಶುರುಮಾಡಿದ ಹಾಗೆ. ಒಬ್ಬ ತುಸು ಓಡಿಸಿದರೂ ಮೊದಲ ಮೂರು ಏಟಿಗೆ ಯಾರಿಗೂ ತಿಳಿಯುವುದಿಲ್ಲ. ವ್ಯತ್ಯಾಸ ಏಟಿನಿಂದ ಏಟಿಗೆ ಕೂಡುತ್ತಾ ಹೋಗಿ ಎಂಟನೆಯ ಹೊತ್ತಿಗೆ ಹೊರಬೀಳುತ್ತದೆ.

ನಿಮ್ಮ 328ಪಿ ಓಡಿಸುತ್ತಿದೆ. ಕೇಳುವವನು ಎಂಟನೆಯ ಬಿಟ್ ನೋಡಲು ಬರುವ ಹೊತ್ತಿಗೆ ಅದು ಮುಗಿದು ಸ್ಟಾಪ್ ಬಿಟ್ ಬಂದಾಗಿದೆ. ಸ್ಟಾಪ್ ಬಿಟ್ ಯಾವಾಗಲೂ ಒಂದು. ಇಂಗ್ಲಿಷ್ ಅಕ್ಷರ, ಅಂಕಿಗಳ ಎಂಟನೆಯ ಬಿಟ್ ಯಾವಾಗಲೂ ಸೊನ್ನೆ. ಆದ್ದರಿಂದಲೇ ಸೊನ್ನೆಯ ಜಾಗದಲ್ಲಿ ಒಂದು ಕಾಣುತ್ತದೆ, 128 ಸೇರಿಕೊಳ್ಳುತ್ತದೆ. ಚಿಪ್ ನಿಧಾನವಾಗಿದ್ದರೆ ಕೆಡುವ ಬಗೆಯೇ ಬೇರೆ ಇರುತ್ತಿತ್ತು. ಎಂಟನೆಯ ಬಿಟ್‌ನ ಜಾಗದಲ್ಲಿ ಏಳನೆಯದೇ ಎರಡನೆಯ ಸಲ ಸಿಗುತ್ತಿತ್ತು.

ನೇರತಂತಿ, ಸೋಮವಾರ ಸಂಜೆ 5:30

ಬೆಸುಗೆಯ ಬಗ್ಗೆ ನನ್ನ ಊಹೆ ತಪ್ಪಿತ್ತು, ಒಪ್ಪುತ್ತೇನೆ. 128ರ ಲೆಕ್ಕ ನೋಡಿದ ಮೇಲೆ ಬೇರೆ ಮಾತಿಲ್ಲ. ಆದರೆ ಒಂದು ಪ್ರಶ್ನೆ ಉಳಿದಿದೆ. ಎಂಟನೆಯ ಬಿಟ್ ತಪ್ಪಬೇಕಾದರೆ ಗಡಿಯಾರ ಎಷ್ಟು ತಪ್ಪಿರಬೇಕು? ಒಳಗಿನ ಗಡಿಯಾರ ಅಷ್ಟು ಕೆಟ್ಟದ್ದೇ? ಇವರ ಮೇಜಿನ ಮೇಲೆ ನಾಲ್ಕು ದಿನ ಸರಿಯಾಗಿ ಓಡಿದೆಯಲ್ಲ?

ಸೊನ್ನೆಒಂದು, ಸೋಮವಾರ ಸಂಜೆ 6:45

ಸರಿಯಾದ ಪ್ರಶ್ನೆ. ಉತ್ತರ ಎರಡು ತಪ್ಪುಗಳ ಮೊತ್ತದಲ್ಲಿದೆ.

ಮೊದಲನೆಯದು ಬಿಸಿಲಿಗೆ ಸಂಬಂಧಿಸಿದ್ದಲ್ಲ, ಲೆಕ್ಕದ್ದು. ದುಪ್ಪಟ್ಟು ವೇಗದ ಕ್ರಮದಲ್ಲಿ 328ಪಿ ತನ್ನ ಗಡಿಯಾರವನ್ನು 8ರಿಂದ ಭಾಗಿಸಿ, ಬಂದದ್ದನ್ನು ಮತ್ತೊಂದು ಪೂರ್ಣಾಂಕದಿಂದ ಭಾಗಿಸಿ ಬಾಡ್ ದರ ಮಾಡಿಕೊಳ್ಳುತ್ತದೆ. ಈ ಚಿಪ್ಪಿಗೆ ಪ್ರೋಗ್ರಾಂ ಬರೆಯಲು ಬಳಸುವ ಆರ್ಡುಯಿನೊ ಲೈಬ್ರರಿ 8 ಮೆಗಾಹರ್ಟ್ಸ್‌ನಲ್ಲಿ 57600ಕ್ಕೆ ಈ ಕ್ರಮವನ್ನೇ ಹಿಡಿಯುತ್ತದೆ. 80 ಲಕ್ಷವನ್ನು 8ರಿಂದ ಭಾಗಿಸಿದರೆ 10 ಲಕ್ಷ. ಅದರಿಂದ 57600 ಬರಬೇಕಾದರೆ 17.36ರಿಂದ ಭಾಗಿಸಬೇಕು. ಚಿಪ್ಪಿಗೆ 17 ಗೊತ್ತು, 18 ಗೊತ್ತು, 17.36 ಗೊತ್ತಿಲ್ಲ. 17 ಹಾಕಿದರೆ ಬರುವುದು 58824. ಅಂದರೆ ಗಡಿಯಾರ ಪರಿಪೂರ್ಣವಾಗಿದ್ದರೂ ಶೇಕಡಾ 2.1ರಷ್ಟು ವೇಗ ಹೆಚ್ಚು.

ಎರಡನೆಯದು ಗಡಿಯಾರದ್ದೇ. ಒಳಗಿನ ಆರ್‌ಸಿ ಆಂದೋಲಕಕ್ಕೆ ಕಾರ್ಖಾನೆ ಕೊಡುವ ಭರವಸೆ ಶೇಕಡಾ 10 ಹೆಚ್ಚು ಕಡಿಮೆ. ನಾವೇ ಹೊಂದಿಸಿಕೊಂಡರೆ ಶೇಕಡಾ 1ಕ್ಕೆ ತರಬಹುದು, ಆದರೆ ಅದೂ ಹೊಂದಿಸಿದ ತಾಪಮಾನ ಮತ್ತು ವೋಲ್ಟೇಜ್‌ನಲ್ಲಿ ಮಾತ್ರ. ಅವು ಬದಲಾದರೆ ಆವರ್ತನವೂ ಸರಿಯುತ್ತದೆ.

ತಡೆದುಕೊಳ್ಳುವ ಮಿತಿ ಎಷ್ಟೆಂದರೆ, ಎಂಟೂವರೆಯ ಹೊತ್ತಿಗೆ ಅರ್ಧ ಬಿಟ್ ಜಾರಬೇಕು. ಹೆಚ್ಚುಕಡಿಮೆ ಶೇಕಡಾ 5ರಿಂದ 6. ಕೇಳುವ ಚಿಪ್ ಸ್ಟಾರ್ಟ್ ಬಿಟ್‌ನ ಇಳಿತವನ್ನು ಗುರುತಿಸುವುದೂ ತುಸು ತಡವಾಗಿ, ಹಾಗಾಗಿ ಅದಕ್ಕಿಂತ ಸ್ವಲ್ಪ ಮುಂಚೆಯೇ ತೊಂದರೆ ಕಾಣಿಸಿಕೊಳ್ಳುತ್ತದೆ. ಮೇಜಿನ ಮೇಲೆ ಈ ಮಿತಿಯ ಒಳಗಿದ್ದದ್ದು ಬಿಸಿಲಲ್ಲಿ ಹೊರಗೆ ಜಾರಿದೆ ಎಂಬುದು ನನ್ನ ಅನುಮಾನ. ಇನ್ನೂ ಅನುಮಾನವೇ, ಅಳೆದು ನೋಡಬೇಕು.

ಅಳೆಯುವುದು ಸುಲಭ. ಇಂಗ್ಲಿಷಿನ ದೊಡ್ಡ ಯು ಅಕ್ಷರವನ್ನೇ ಕಳಿಸುತ್ತಿರಿ. ಅದರ ಸಂಖ್ಯೆ 85, ಬಿಟ್‌ಗಳು ಒಂದು ಸೊನ್ನೆ ಒಂದು ಸೊನ್ನೆ ಎಂದು ಸಾಗುತ್ತವೆ. ಸ್ಟಾರ್ಟ್, ಸ್ಟಾಪ್ ಬಿಟ್ ಸೇರಿದರೆ ತಂತಿಯ ಮೇಲೆ ಅಚ್ಚುಕಟ್ಟಾದ ಚೌಕ ಅಲೆ. ಲಾಜಿಕ್ ಅನಲೈಸರ್ (ತಂತಿಯ ಏರಿಳಿತಗಳ ಕಾಲ ಅಳೆಯುವ ಸಾಧನ) ಇದ್ದರೆ ಸ್ಟಾರ್ಟ್ ಬಿಟ್ ಇಳಿದಲ್ಲಿಂದ ಸ್ಟಾಪ್ ಬಿಟ್ ಏರುವವರೆಗೆ ಅಳೆಯಿರಿ. ಅದು 9 ಬಿಟ್ ಕಾಲ. ಸರಿಯಾದ 57600ಕ್ಕೆ 156.25 ಮೈಕ್ರೋಸೆಕೆಂಡ್ ಇರಬೇಕು.

ಹೊಸಬೆಳಕು, ಸೋಮವಾರ ರಾತ್ರಿ 8:10

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ಆರ್ಡುಯಿನೊ ಉನೊ ಬೋರ್ಡ್. ನನಗೂ ಕಸ ಬರುತ್ತದೆ, ಆದರೆ ಒಂದೇ ಚಿಹ್ನೆ ಸಾಲುಗಟ್ಟಿ ಬರುತ್ತದೆ: ಇಂಗ್ಲಿಷಿನ ಸಣ್ಣ ವೈ, ತಲೆಯ ಮೇಲೆ ಎರಡು ಚುಕ್ಕೆ. ಇದೂ ಗಡಿಯಾರದ ದೋಷವೇ? ಇನ್ನೊಂದು: 0 ಮತ್ತು 1ನೇ ಪಿನ್‌ಗೆ ಬ್ಲೂಟೂತ್ ಮಾಡ್ಯೂಲ್ ಜೋಡಿಸಿದ ಮೇಲೆ ಪ್ರೋಗ್ರಾಂ ಅಪ್‌ಲೋಡ್ ಆಗುವುದೇ ನಿಂತುಹೋಗಿದೆ.

ನೇರತಂತಿ, ಸೋಮವಾರ ರಾತ್ರಿ 8:32

ಹೊಸಬೆಳಕು ಅವರೇ, ಕೇಳಿದ್ದು ಒಳ್ಳೆಯದಾಯಿತು. ಆ ಚಿಹ್ನೆಯ ಸಂಖ್ಯೆ 255. ಓದಲು ಏನೂ ಇಲ್ಲದಿದ್ದಾಗ ಸೀರಿಯಲ್ ರೀಡ್ ಆಜ್ಞೆ ಋಣ ಒಂದನ್ನು ಹಿಂತಿರುಗಿಸುತ್ತದೆ. ಅದನ್ನು ಅಕ್ಷರದ ಪೆಟ್ಟಿಗೆಗೆ ತುಂಬಿ ಮುದ್ರಿಸಿದರೆ 255 ಆಗಿ ಕಾಣುತ್ತದೆ. ಯಾರೂ ಏನೂ ಕಳಿಸಿಲ್ಲ, ನೀವು ಖಾಲಿ ಪೆಟ್ಟಿಗೆಯನ್ನು ಓದುತ್ತಿದ್ದೀರಿ. ಓದುವ ಮೊದಲು ಬೈಟ್ ಬಂದಿದೆಯೇ ಎಂದು ಅವೇಲಬಲ್ ಆಜ್ಞೆಯಿಂದ ಕೇಳಿ.

ಅಪ್‌ಲೋಡ್ ವಿಷಯ: ಉನೊದಲ್ಲಿ 0 ಮತ್ತು 1ನೇ ಪಿನ್‌ಗಳು ಯುಎಸ್‌ಬಿ ಕಡೆಯ ಚಿಪ್ಪಿಗೂ ಜೋಡಣೆಯಾಗಿವೆ. 0ನೇ ಪಿನ್‌ನಲ್ಲಿ ಬ್ಲೂಟೂತ್ ಮಾಡ್ಯೂಲ್ ಮಾತಾಡುತ್ತಿದ್ದರೆ ಕಂಪ್ಯೂಟರಿನ ಮಾತು ಚಿಪ್ಪಿಗೆ ಕೇಳುವುದಿಲ್ಲ. ಅಪ್‌ಲೋಡ್ ಮಾಡುವಾಗ 0ನೇ ಪಿನ್‌ನ ತಂತಿ ಕಳಚಿ, ಮುಗಿದ ಮೇಲೆ ಮತ್ತೆ ಹಾಕಿ. ನಿಮ್ಮ ಮಾಡ್ಯೂಲ್ 3.3 ವೋಲ್ಟ್‌ನದಾಗಿದ್ದರೆ ಉನೊದ 5 ವೋಲ್ಟ್ ಟಿಎಕ್ಸ್ ಅನ್ನು ಅದರ ಆರ್‌ಎಕ್ಸ್‌ಗೆ ನೇರವಾಗಿ ಕೊಡಬೇಡಿ. ಟಿಎಕ್ಸ್‌ನಿಂದ 1 ಕಿಲೋಓಮ್, ಅಲ್ಲಿಂದ ಗ್ರೌಂಡ್‌ಗೆ 2 ಕಿಲೋಓಮ್ ಹಾಕಿ ನಡುವಿನಿಂದ ತೆಗೆದುಕೊಂಡರೆ 3.3 ವೋಲ್ಟ್ ಸಿಗುತ್ತದೆ.

ಮಾಳಿಗೆಮಾಪಕ, ಮಂಗಳವಾರ ರಾತ್ರಿ 9:50

ಇವತ್ತು ಸಂಜೆ ಲಾಜಿಕ್ ಅನಲೈಸರ್ ಎರವಲು ಸಿಕ್ಕಿತು. 24 ಮೆಗಾಹರ್ಟ್ಸ್‌ನ ಎಂಟು ಚಾನೆಲ್‌ನದು. ಬಿಸಿಲು ಇರಲಿಲ್ಲವಾದ್ದರಿಂದ ಕೂದಲು ಒಣಗಿಸುವ ಡ್ರೈಯರ್ ಹಿಡಿದು ಕೂತೆ.

ಮೊದಲು ತಣ್ಣಗಿರುವಾಗ ಅಳೆದೆ. ಯು ಅಕ್ಷರದ ಅಲೆ ಪರದೆಯ ಮೇಲೆ ಹಲ್ಲುಹಲ್ಲಾಗಿ ಕಂಡಿತು. ಒಂಬತ್ತು ಬಿಟ್‌ಗೆ 150.2 ಮೈಕ್ರೋಸೆಕೆಂಡ್. ಇರಬೇಕಾದ್ದು 156.25. ಅಂದರೆ ಮೇಜಿನ ಮೇಲೆ, ಎಲ್ಲ ಸರಿಯಿದೆ ಎಂದು ನಾನು ನಂಬಿದ್ದ ನಾಲ್ಕು ದಿನವೂ, ಅದು ಶೇಕಡಾ 4ರಷ್ಟು ವೇಗವಾಗಿಯೇ ಓಡುತ್ತಿತ್ತು! ಅಂಚಿನಲ್ಲಿ ನಿಂತಿತ್ತು, ಬಿದ್ದಿರಲಿಲ್ಲ ಅಷ್ಟೇ.

ಆಮೇಲೆ ಚಿಪ್ಪಿನ ಮೇಲೆ ಬಿಸಿಗಾಳಿ ಬಿಟ್ಟೆ. ಒಂದು ಕಣ್ಣು ಸೀರಿಯಲ್ ಮಾನಿಟರ್ ಮೇಲೆ. ಅರ್ಧ ನಿಮಿಷದವರೆಗೆ 85, 85, 85 ಎಂದು ಉದ್ದಕ್ಕೂ ಇಳಿಯುತ್ತಿತ್ತು. ನಂತರ ನಡುವೆ ಒಂದು 213. ಮತ್ತೆ ಒಂದಷ್ಟು 85. ಮತ್ತೆ 213, ಹತ್ತಿರ ಹತ್ತಿರವಾಗಿ. 213ರಲ್ಲಿ 85 ಕಳೆದರೆ ಅದೇ 128. ಆಗ ಅಳೆದರೆ 148.4 ಮೈಕ್ರೋಸೆಕೆಂಡ್, ಶೇಕಡಾ 5.3 ವೇಗ. ಡ್ರೈಯರ್ ಆರಿಸಿದೆ. ಎರಡು ನಿಮಿಷದಲ್ಲಿ 213 ಎಂಬುದು ಪರದೆಯಿಂದಲೇ ಹೋಯಿತು. ಮೂರು ವಾರಗಳಿಂದ ಮಧ್ಯಾಹ್ನಕ್ಕಾಗಿ ಕಾಯುತ್ತಿದ್ದ ತೊಂದರೆಯನ್ನು ರಾತ್ರಿ ಎಂಟು ಗಂಟೆಗೆ ಬೇಕೆಂದಾಗ ಬರಿಸಿ ಬೇಡವೆಂದಾಗ ಕಳಿಸಿದೆ. ಆ ಸಮಾಧಾನವನ್ನು ಹೇಗೆ ಹೇಳಲಿ!

ಇನ್ನೊಂದು ಪ್ರಯೋಗವನ್ನೂ ಮಾಡಿದೆ. 328ಪಿಯನ್ನು ಮುಟ್ಟದೆ ಇಎಸ್‌ಪಿ ಕಡೆ ಮಾತ್ರ ಬಾಡ್ ದರವನ್ನು 60000 ಎಂದು ಹಾಕಿದೆ. ಬಿಸಿಗಾಳಿ ಎಷ್ಟು ಬಿಟ್ಟರೂ ಒಂದು ತಪ್ಪೂ ಬರಲಿಲ್ಲ.

ಸೊನ್ನೆಒಂದು, ಮಂಗಳವಾರ ರಾತ್ರಿ 10:20

ಆ ಕೊನೆಯ ಪ್ರಯೋಗವನ್ನು ನಾನು ಹೇಳುವ ಮೊದಲೇ ಮಾಡಿದ್ದೀರಿ. ಇಎಸ್‌ಪಿ 32 ಇಂಥ ರೂಢಿಯಲ್ಲಿಲ್ಲದ ದರಗಳನ್ನೂ ಒಪ್ಪಿಕೊಳ್ಳುತ್ತದೆ, ಹಾಗಾಗಿ ಕೇಳುವವನನ್ನೇ ಹೇಳುವವನ ವೇಗಕ್ಕೆ ಎಳೆದರೆ ರೋಗ ಯಾವುದೆಂದು ಖಚಿತವಾಗುತ್ತದೆ. ಆದರೆ ಅದನ್ನೇ ಶಾಶ್ವತ ಪರಿಹಾರ ಮಾಡಿಕೊಳ್ಳಬೇಡಿ. ನಾಳೆ ಈ ಚಿಪ್ ಕೆಟ್ಟು ಇನ್ನೊಂದು ಹಾಕಿದರೆ ಅದರ ಗಡಿಯಾರ ಬೇರೆ ಕಡೆಗೆ ವಾಲಿರಬಹುದು.

ಮೂರನೇಕಾಲು, ಬುಧವಾರ ಬೆಳಿಗ್ಗೆ 7:55

ಹಾಗಾದರೆ ನಾನು ಮೊದಲೇ ಹೇಳಿದ 9600 ಸರಿಯಾದ ಸಲಹೆಯೇ ಆಗಿತ್ತಲ್ಲವೇ? ನಿಧಾನ ಮಾಡಿದರೆ ಗಡಿಯಾರದ ತಪ್ಪು ಲೆಕ್ಕಕ್ಕೆ ಬರುವುದಿಲ್ಲ.

ಸೊನ್ನೆಒಂದು, ಬುಧವಾರ ಬೆಳಿಗ್ಗೆ 9:15

ಸಲಹೆ ಸರಿ, ಕಾರಣ ಬೇರೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ತಪ್ಪು ತಿಳಿವಳಿಕೆ ಬಹಳ ಹರಡಿದೆ.

ಗಡಿಯಾರ ಶೇಕಡಾ 3 ಓಡಿದರೆ ಬಿಟ್ ಚಿಕ್ಕದಿರಲಿ ದೊಡ್ಡದಿರಲಿ, ಎಂಟೂವರೆ ಬಿಟ್ ಕಳೆಯುವ ಹೊತ್ತಿಗೆ ಕಾಲು ಬಿಟ್‌ನಷ್ಟು ಜಾರಿಯೇ ಇರುತ್ತದೆ. ಬಿಟ್ ಹಿಗ್ಗಿದರೆ ಜಾರಿಕೆಯೂ ಅಷ್ಟೇ ಹಿಗ್ಗುತ್ತದೆ. ನಿಧಾನ ಮಾಡಿದ್ದರಿಂದ ಉದ್ದ ತಂತಿಯ ತೊಂದರೆ, ಸುತ್ತಲಿನ ವಿದ್ಯುತ್ ಗದ್ದಲ, ಬಫರ್ ತುಂಬಿ ಹರಿಯುವುದು ಇವು ಕಡಿಮೆಯಾಗುತ್ತವೆ ನಿಜ. ಗಡಿಯಾರದ ಶೇಕಡಾವಾರು ತಪ್ಪು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ.

9600ರಲ್ಲಿ ಕಡಿಮೆಯಾಗುವುದು ಆ ಇನ್ನೊಂದು ತಪ್ಪು, ಭಾಗಾಕಾರದ್ದು. 10 ಲಕ್ಷವನ್ನು 9600ರಿಂದ ಭಾಗಿಸಿದರೆ 104.17. ಚಿಪ್ 104 ಹಾಕುತ್ತದೆ, ತಪ್ಪು ಶೇಕಡಾ 0.2ರಷ್ಟೇ. 38400ಕ್ಕೆ 26.04, ಅಲ್ಲೂ ಅದೇ 0.2. ಹಾಗಾಗಿ ಇವರ ಚಿಪ್ ಬಿಸಿಯಾಗಿ ಗಡಿಯಾರ ಶೇಕಡಾ 3.1 ಓಡಿದಾಗಲೂ 9600ರಲ್ಲಿ ಒಟ್ಟು ತಪ್ಪು 3.3, 38400ರಲ್ಲೂ 3.3. ಎರಡೂ ಮಿತಿಯೊಳಗೆ. ನಾಲ್ಕು ಪಟ್ಟು ವೇಗ ಇದ್ದರೂ ವ್ಯತ್ಯಾಸವಿಲ್ಲ.

ಇನ್ನೂ ಒಂದು ಕುತೂಹಲದ ಸಂಗತಿ. 115200ಕ್ಕೆ 8.68ರಿಂದ ಭಾಗಿಸಬೇಕು, ಚಿಪ್ 9 ಹಾಕುತ್ತದೆ, 111111 ಬರುತ್ತದೆ. ಅದು ಶೇಕಡಾ 3.5 ನಿಧಾನ. ಇವರ ಗಡಿಯಾರ ಶೇಕಡಾ 3 ವೇಗ. ಒಂದರ ತಪ್ಪನ್ನು ಇನ್ನೊಂದು ತಿನ್ನುತ್ತದೆ! ಮಾಳಿಗೆಮಾಪಕರೇ, ಸಮಯವಿದ್ದರೆ 115200 ಹಾಕಿ ಬಿಸಿಗಾಳಿ ಬಿಡಿ. 57600ರಲ್ಲಿ ಕೆಡುವ ಚಿಪ್ ಅದರ ಎರಡು ಪಟ್ಟು ವೇಗದಲ್ಲಿ ಸರಿಯಾಗಿ ಓಡಬೇಕು.

ಮಾಳಿಗೆಮಾಪಕ, ಬುಧವಾರ ರಾತ್ರಿ 8:40

ಓಡಿತು. ಹತ್ತು ನಿಮಿಷ ಡ್ರೈಯರ್ ಹಿಡಿದೆ, 115200ರಲ್ಲಿ ಒಂದೂ ತಪ್ಪಿಲ್ಲ. ಮತ್ತೆ 57600ಕ್ಕೆ ಬಂದ ಕೂಡಲೇ 213 ಹಾಜರು. ಲೆಕ್ಕ ಮುಂಚೆ ಹೇಳಿದ್ದನ್ನು ತಂತಿ ಆಮೇಲೆ ಮಾಡಿ ತೋರಿಸಿದ್ದು ನನಗೆ ಇಡೀ ಹುಡುಕಾಟದಲ್ಲೇ ಅತ್ಯಂತ ಖುಷಿ ಕೊಟ್ಟ ಗಳಿಗೆ.

ಮೂರನೇಕಾಲು, ಬುಧವಾರ ರಾತ್ರಿ 9:05

ಇದನ್ನು ನೋಡಿದ ಮೇಲೆ ನನ್ನ ಹಳೆಯ ಟಿಪ್ಪಣಿ ತೆಗೆದು ನೋಡಿದೆ. ನನ್ನದೂ 8 ಮೆಗಾಹರ್ಟ್ಸ್, ನಾನೂ 57600ರಿಂದಲೇ 9600ಕ್ಕೆ ಇಳಿಸಿದ್ದೆ. ಇಷ್ಟು ವರ್ಷ ಬೇರೆಯವರಿಗೂ ನಿಧಾನ ಮಾಡಿ ಎಂದೇ ಹೇಳುತ್ತಾ ಬಂದಿದ್ದೆ. ಇನ್ನು ಮೇಲೆ ಭಾಗಿಸಿ ನೋಡಿ ಎನ್ನುತ್ತೇನೆ. ಸೊನ್ನೆಒಂದು ಅವರಿಗೆ ಧನ್ಯವಾದ.

ನೇರತಂತಿ, ಬುಧವಾರ ರಾತ್ರಿ 9:48

ಇನ್ನು ಶಾಶ್ವತ ಪರಿಹಾರ. ನನ್ನ ಮತ ಕ್ರಿಸ್ಟಲ್‌ಗೆ. 8 ಮೆಗಾಹರ್ಟ್ಸ್ ಕ್ರಿಸ್ಟಲ್ ಒಂದು, ಅದರ ಎರಡೂ ಕಾಲಿನಿಂದ ಗ್ರೌಂಡ್‌ಗೆ 22 ಪೀಕೋಫ್ಯಾರಡ್ ಕೆಪಾಸಿಟರ್. ಚಿಪ್ಪಿಗೆ ಆದಷ್ಟು ಹತ್ತಿರ ಕೂರಿಸಿ. ಕ್ರಿಸ್ಟಲ್ ತಪ್ಪುವುದು ಹತ್ತು ಲಕ್ಷದಲ್ಲಿ ಕೆಲವು ಹತ್ತುಗಳ ಲೆಕ್ಕದಲ್ಲಿ, ಬಿಸಿಲಿಗೆ ಅದು ಇಷ್ಟು ಅಲುಗುವುದಿಲ್ಲ. 57600ರಲ್ಲೇ ಇರಬೇಕೆಂದರೆ 7.3728 ಮೆಗಾಹರ್ಟ್ಸ್‌ನದು ಸಿಗುತ್ತದೆ. ಅದನ್ನು ಭಾಗಿಸಿದರೆ ಶೇಷವೇ ಉಳಿಯುವುದಿಲ್ಲ. 8051 ಎಂಬ ಹಳೆಯ ಚಿಪ್ಪಿನ ಕಾಲದಲ್ಲಿ 11.0592 ಎಂಬ ವಿಚಿತ್ರ ಸಂಖ್ಯೆಯ ಕ್ರಿಸ್ಟಲ್ ಎಲ್ಲೆಲ್ಲೂ ಕಾಣುತ್ತಿದ್ದದ್ದು ಇದೇ ಕಾರಣಕ್ಕೆ. ಆದರೆ ಚಿಪ್ಪಿನ ವೇಗ ಬದಲಾಗಿದೆ ಎಂದು ಪ್ರೋಗ್ರಾಂಗೂ ತಿಳಿಸಬೇಕು, ಇಲ್ಲದಿದ್ದರೆ ಬಾಡ್ ದರ, ಕಾಯುವ ಕಾಲ ಎಲ್ಲವೂ ತಪ್ಪುತ್ತವೆ.

ಒಂದು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಓದಿ. ಮೊದಲು ಕ್ರಿಸ್ಟಲ್ ಬೆಸೆಯಿರಿ, ಆಮೇಲೆ ಫ್ಯೂಸ್ (ಯಾವ ಗಡಿಯಾರ ಬಳಸಬೇಕೆಂದು ಚಿಪ್ಪಿಗೆ ಹೇಳುವ ಸೆಟ್ಟಿಂಗ್) ಬದಲಿಸಿ. ಕ್ರಿಸ್ಟಲ್ ಇಲ್ಲದೆ ಹೊರಗಿನ ಕ್ರಿಸ್ಟಲ್ ಎಂದು ಫ್ಯೂಸ್ ಹಾಕಿದರೆ ಚಿಪ್ಪಿಗೆ ನಾಡಿಯೇ ಇರುವುದಿಲ್ಲ, ಪ್ರೋಗ್ರಾಮರ್‌ಗೂ ಉತ್ತರ ಕೊಡುವುದಿಲ್ಲ. ಚಿಪ್ ಸತ್ತಿತೆಂದು ಎಸೆಯುವವರು ಬಹಳ. ಅದು ಸತ್ತಿರುವುದಿಲ್ಲ. ಇನ್ನೊಂದು ಬೋರ್ಡಿನಿಂದ ಒಂದು ಚೌಕ ಅಲೆಯನ್ನು ಕ್ರಿಸ್ಟಲ್‌ನ ಮೊದಲ ಕಾಲಿಗೆ, ಅಂದರೆ ಎಕ್ಸ್‌ಟಾಲ್ 1ಕ್ಕೆ, ಕೊಟ್ಟರೆ ಎಚ್ಚರಗೊಳ್ಳುತ್ತದೆ, ಆಗ ಫ್ಯೂಸ್ ತಿದ್ದಬಹುದು.

ಹೊಸಬೆಳಕು, ಗುರುವಾರ ಬೆಳಿಗ್ಗೆ 8:20

ನೇರತಂತಿ ಅವರೇ, ನಿಮ್ಮ ಎರಡೂ ಉತ್ತರ ಕೆಲಸ ಮಾಡಿದವು, ತುಂಬಾ ಧನ್ಯವಾದ. ಒಂದು ಸಂದೇಹ: ನನ್ನ ಹತ್ತಿರ ಬಳಸದ 328ಪಿ ಚಿಪ್ ಒಂದಿದೆ. ಅದನ್ನು ನೇರವಾಗಿ ಬ್ರೆಡ್‌ಬೋರ್ಡ್‌ಗೆ ಹಾಕಿ 16 ಮೆಗಾಹರ್ಟ್ಸ್‌ಗೆ ಬರೆದ ಪ್ರೋಗ್ರಾಂ ತುಂಬಿದರೆ ಓಡುತ್ತದೆಯೇ?

ಸೊನ್ನೆಒಂದು, ಗುರುವಾರ ಬೆಳಿಗ್ಗೆ 10:02

ಓಡುತ್ತದೆ, ಆದರೆ ಹದಿನಾರನೇ ಒಂದರಷ್ಟು ವೇಗದಲ್ಲಿ. ಹೊಸ ಚಿಪ್ ಕಾರ್ಖಾನೆಯಿಂದ ಬರುವಾಗ ಒಳಗಿನ 8 ಮೆಗಾಹರ್ಟ್ಸ್ ಅನ್ನು 8ರಿಂದ ಭಾಗಿಸುವ ಫ್ಯೂಸ್ ಹಾಕಿಯೇ ಇರುತ್ತದೆ, ಅಂದರೆ 1 ಮೆಗಾಹರ್ಟ್ಸ್. ನೀವು 9600 ಎಂದು ಬರೆದದ್ದು ತಂತಿಯ ಮೇಲೆ 600 ಆಗಿ ಬರುತ್ತದೆ. ಸೆಕೆಂಡಿಗೊಮ್ಮೆ ಮಿಣುಕಬೇಕಾದ ದೀಪ ಹದಿನಾರು ಸೆಕೆಂಡಿಗೊಮ್ಮೆ ಮಿಣುಕಿದರೆ ಇದೇ ಎಂದು ತಿಳಿಯಿರಿ. ಆ ಫ್ಯೂಸ್ ಮಾತ್ರ ತೆಗೆದು ಉಳಿದದ್ದನ್ನು ಹಾಗೇ ಬಿಟ್ಟರೆ ಅರ್ಧ ವೇಗ, 9600ರ ಬದಲು 4800. ಅದಕ್ಕೇ ಬರೀ ಚಿಪ್ಪಿನಿಂದ ಕಸ ಬಂದಾಗ ಸೀರಿಯಲ್ ಮಾನಿಟರ್‌ನಲ್ಲಿ ಅರ್ಧದ ದರ ಹಾಕಿ ನೋಡುವುದು ನನ್ನ ಮೊದಲ ಕೆಲಸ.

ಮಾಳಿಗೆಮಾಪಕ, ಮುಂದಿನ ಬುಧವಾರ ರಾತ್ರಿ 9:30

ಗುರುವಾರದಿಂದ ಶನಿವಾರದವರೆಗೆ ತಾತ್ಕಾಲಿಕವಾಗಿ 38400ರಲ್ಲಿ ಓಡಿಸಿದೆ, ಒಂದೂ ತಪ್ಪಿಲ್ಲ. ಭಾನುವಾರ 8 ಮೆಗಾಹರ್ಟ್ಸ್ ಕ್ರಿಸ್ಟಲ್ ಕೂರಿಸಿದೆ. ನೇರತಂತಿಯವರ ಎಚ್ಚರಿಕೆಯಂತೆ ಮೊದಲು ಬೆಸುಗೆ, ಆಮೇಲೆ ಫ್ಯೂಸ್. ಪರೀಕ್ಷೆಗೆಂದೇ 57600ಕ್ಕೆ ಮರಳಿ ಯು ಅಕ್ಷರ ಅಳೆದೆ. ತಣ್ಣಗಿರುವಾಗ 153.0 ಮೈಕ್ರೋಸೆಕೆಂಡ್, ಐದು ನಿಮಿಷ ಬಿಸಿಗಾಳಿ ಬಿಟ್ಟ ಮೇಲೂ 153.0. ಭಾಗಾಕಾರದ 2.1 ಹಾಗೇ ಇದೆ, ಗಡಿಯಾರದ್ದು ಹೋಗಿದೆ.

ಅಂತಿಮವಾಗಿ ಕ್ರಿಸ್ಟಲ್ ಜೊತೆಗೆ 38400 ಇಟ್ಟುಕೊಂಡಿದ್ದೇನೆ. ಸಾಲಿನ ಕೊನೆಗೆ ಎಲ್ಲ ಬೈಟ್‌ಗಳ ಎಕ್ಸ್‌ಆರ್ ಮೊತ್ತವನ್ನೂ, ತಪ್ಪು ಹಿಡಿಯಲೆಂದು, ಸೇರಿಸಿದ್ದೇನೆ. ಜಿಪಿಎಸ್ ಮಾಡ್ಯೂಲ್‌ಗಳ ಸಾಲಿನಲ್ಲಿ ನಕ್ಷತ್ರ ಚಿಹ್ನೆಯ ನಂತರ ಬರುವುದು ಇದೇ ಬಗೆಯದು. ಮೊತ್ತ ಹೊಂದದ ಸಾಲನ್ನು ಇಎಸ್‌ಪಿ ದಾಟಿಸದೆ ಬೇರೆ ಎಣಿಸಿಡುತ್ತದೆ. ಪೆಟ್ಟಿಗೆ ಸೋಮವಾರ ಬೆಳಿಗ್ಗೆ ಮಾಳಿಗೆ ಏರಿತು. ಮೂರು ಮಧ್ಯಾಹ್ನ ಕಳೆದಿವೆ, ಆ ಎಣಿಕೆ ಇನ್ನೂ ಸೊನ್ನೆಯಲ್ಲೇ ಇದೆ.